ಬೂಸ್ಟ್ ಗುಂಡಿಯ ಹಿಂದಿನ ಹರಾಜು

2020ರ ಜುಲೈ ತಿಂಗಳಲ್ಲಿ ಜಗತ್ತಿನ ಸಾವಿರಕ್ಕೂ ಹೆಚ್ಚು ಕಂಪನಿಗಳು ಫೇಸ್‌ಬುಕ್ಕಿಗೆ ಜಾಹೀರಾತು ಕೊಡುವುದಿಲ್ಲ ಎಂದು ಮುನಿಸಿಕೊಂಡು ಕೂತವು. ದ್ವೇಷ ಹರಡುವ ಪೋಸ್ಟ್‌ಗಳನ್ನು ಅದು ತಡೆಯುತ್ತಿಲ್ಲ ಎಂಬುದು ಅವುಗಳ ದೂರು. ಕೋಕಾಕೋಲಾ, ಯೂನಿಲಿವರ್, ವೆರೈಜಾನ್‌ನಂಥ ಘಟಾನುಘಟಿಗಳೂ ಆ ಹೊತ್ತಿನಲ್ಲಿ ಜಾಹೀರಾತು ನಿಲ್ಲಿಸಿದ್ದರು. ಪತ್ರಿಕೆಯೊಂದಕ್ಕೆ ಹೀಗೇನಾದರೂ ಆಗಿದ್ದರೆ ಆ ತಿಂಗಳ ಸಂಬಳ ಕೊಡುವುದೇ ಕಷ್ಟವಾಗುತ್ತಿತ್ತು. ಫೇಸ್‌ಬುಕ್‌ಗೆ ಏನಾಯಿತು? ಜುಲೈನಿಂದ ಸೆಪ್ಟೆಂಬರ್‌ವರೆಗಿನ ಮೂರು ತಿಂಗಳಲ್ಲಿ ಅದರ ಆದಾಯ ಹಿಂದಿನ ವರ್ಷಕ್ಕಿಂತ ಶೇ 22ರಷ್ಟು ಏರಿ 2,147 ಕೋಟಿ ಡಾಲರ್ ಮುಟ್ಟಿತು.

ದೊಡ್ಡವರು ಎದ್ದುಹೋದರೂ ಅಂಗಡಿ ಖಾಲಿಯಾಗಲಿಲ್ಲ. ಆ ವರ್ಷ ಫೇಸ್‌ಬುಕ್‌ನಲ್ಲಿ ಹಣ ಕೊಟ್ಟು ಜಾಹೀರಾತು ಹಾಕುತ್ತಿದ್ದವರ ಸಂಖ್ಯೆ ಒಂದು ಕೋಟಿ ದಾಟಿತ್ತು. ಅವರಲ್ಲಿ ಬಹುಪಾಲು ಸಣ್ಣವರೇ. ಬ್ಯೂಟಿ ಪಾರ್ಲರ್ ನಡೆಸುವವರು, ಮನೆಯಲ್ಲೇ ಕೇಕ್ ಮಾಡಿ ಮಾರುವವರು, ಲೇಔಟಿನ ಸೈಟು ಮಾರುವವರು, ನೀಟ್ ಕೋಚಿಂಗಿನವರು, ದಿನಕ್ಕೆ ಇನ್ನೂರೋ ಐನೂರೋ ಹಾಕಿ ನೋಡುವವರು. 2021ರಲ್ಲಿ ಮೆಟಾ ಎಂದು ಹೆಸರು ಬದಲಿಸಿಕೊಂಡ ಕಂಪನಿ 2024ರಲ್ಲಿ ಗಳಿಸಿದ ಸುಮಾರು 16,450 ಕೋಟಿ ಡಾಲರ್‌ನಲ್ಲಿ 16,000 ಕೋಟಿಗೂ ಹೆಚ್ಚು ಜಾಹೀರಾತಿನಿಂದಲೇ ಬಂದದ್ದು.

ಹಾಗಾದರೆ ದಿನಕ್ಕೆ ಇನ್ನೂರು ರೂಪಾಯಿ ಹಾಕಿದವರಿಗೆ ಸಿಗುವುದೇನು? ಈ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ, ಏಕೆಂದರೆ ಇಲ್ಲಿ ದರಪಟ್ಟಿಯೇ ಇಲ್ಲ. ಪತ್ರಿಕೆಗೆ ಜಾಹೀರಾತು ಕೊಡುವವರು ಚದರ ಸೆಂಟಿಮೀಟರಿಗೆ ಎಷ್ಟು ಎಂದು ಕೇಳುತ್ತಾರೆ. ಮುಖಪುಟಕ್ಕೆ ಒಂದು ದರ, ಒಳಪುಟಕ್ಕೆ ಇನ್ನೊಂದು. ಹೋರ್ಡಿಂಗಿಗೆ ತಿಂಗಳ ಬಾಡಿಗೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಮಾರಾಟಕ್ಕಿರುವುದು ಜಾಗವಲ್ಲ. ಒಬ್ಬ ಮನುಷ್ಯ ಫೋನನ್ನು ಮೇಲಕ್ಕೆ ತಳ್ಳುತ್ತಾ ಹೋಗುವಾಗ ಅವನ ಕಣ್ಣ ಮುಂದೆ ಹಾದುಹೋಗುವ ಒಂದು ಕ್ಷಣ. ಅಂಥ ಪ್ರತಿಯೊಂದು ಕ್ಷಣಕ್ಕೂ ಪ್ರತ್ಯೇಕ ಹರಾಜು ನಡೆಯುತ್ತದೆ, ಕಣ್ಣು ಮಿಟುಕಿಸುವುದರೊಳಗೆ ಮುಗಿದೂ ಹೋಗುತ್ತದೆ.

ಹರಾಜು ಕನ್ನಡಿಗರಿಗೆ ಹೊಸದಲ್ಲ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ರೈತ ತಂದ ಒಂದೊಂದು ಲಾಟಿಗೂ ರೀಲರುಗಳು ಬಿಡ್ ಹಾಕುತ್ತಾರೆ, ಹೆಚ್ಚು ಹೇಳಿದವರಿಗೆ ಗೂಡು. ಮೆಟಾದ ಹರಾಜು ಇಲ್ಲೇ ದಾರಿ ಬದಲಿಸುತ್ತದೆ. ಇಲ್ಲಿ ಹೆಚ್ಚು ಹೇಳಿದವರೇ ಗೆಲ್ಲುತ್ತಾರೆಂದಿಲ್ಲ. ಮೆಟಾ ತಾನೇ ಹೇಳಿಕೊಂಡಿರುವ ಲೆಕ್ಕ ಹೀಗಿದೆ: ನೀವು ಹೇಳಿದ ಬಿಡ್ ಮೊತ್ತವನ್ನು, ಆ ನಿರ್ದಿಷ್ಟ ವ್ಯಕ್ತಿ ನಿಮ್ಮ ಜಾಹೀರಾತಿಗೆ ಸ್ಪಂದಿಸುವ ಸಾಧ್ಯತೆಯಿಂದ ಗುಣಿಸಬೇಕು, ಅದಕ್ಕೆ ಜಾಹೀರಾತಿನ ಗುಣಮಟ್ಟದ ಅಂಕ ಕೂಡಿಸಬೇಕು. ಮೊತ್ತ ಯಾರದು ಹೆಚ್ಚೋ ಅವರದ್ದು ಕಾಣಿಸುತ್ತದೆ.

ಅಂಕಿಯಲ್ಲಿ ನೋಡಿದರೆ ಇದು ಬೇಗ ಅರ್ಥವಾಗುತ್ತದೆ. ಒಂದು ವಿಚಾರಣೆಗೆ 20 ರೂಪಾಯಿ ಕೊಡಲು ಸಿದ್ಧವಿರುವ ಅಂಗಡಿಯ ಜಾಹೀರಾತಿಗೆ ನೂರರಲ್ಲಿ ಒಬ್ಬರು ಸ್ಪಂದಿಸುತ್ತಾರೆ ಎಂದು ಯಂತ್ರ ಅಂದಾಜಿಸಿದರೆ, ಒಂದು ನೋಟಕ್ಕೆ ಅದರ ತೂಕ 20 ಪೈಸೆ. ಹತ್ತೇ ರೂಪಾಯಿ ಹೇಳಿದ ಇನ್ನೊಂದು ಅಂಗಡಿಗೆ ನೂರಕ್ಕೆ ಮೂವರು ಸ್ಪಂದಿಸುವಂತಿದ್ದರೆ ಅದರ ತೂಕ 30 ಪೈಸೆ. ಅರ್ಧ ಬೆಲೆ ಹೇಳಿದವರು ಗೆದ್ದರು. ಹಣವಿಲ್ಲದವರಿಗೆ ಈ ವ್ಯವಸ್ಥೆಯಲ್ಲಿ ಇರುವ ಒಂದೇ ಒಂದು ಅನುಕೂಲ ಇದು. ಸರಿಯಾದ ಜನಕ್ಕೆ ಸರಿಯಾದ ಮಾತು ಹೇಳಿದರೆ ಖರ್ಚು ತಾನಾಗಿ ಇಳಿಯುತ್ತದೆ. ಎಲ್ಲರಿಗೂ ಏನೋ ಒಂದು ಹೇಳಿದರೆ ಅದೇ ನೋಟಕ್ಕೆ ಹೆಚ್ಚು ತೆರಬೇಕು.

ಈ ಹರಾಜಿನ ಹಿಂದೆ ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞರ ತಲೆ ಇದೆ. ಗೆದ್ದವನು ತಾನು ಹೇಳಿದ ಬೆಲೆಯನ್ನಲ್ಲ, ತನ್ನ ಗೆಲುವಿನಿಂದ ಉಳಿದವರು ಕಳೆದುಕೊಂಡದ್ದಕ್ಕೆ ಸಮನಾದ ಬೆಲೆಯನ್ನು ಕೊಟ್ಟರೆ ಯಾರೂ ಸುಳ್ಳು ಬಿಡ್ ಹಾಕುವುದಿಲ್ಲ ಎಂಬ ಚಿಂತನೆಗೆ 1961ರ ಅವರ ಪ್ರಬಂಧವೇ ಮೂಲ. 1996ರಲ್ಲಿ ಅವರಿಗೆ ನೊಬೆಲ್ ಘೋಷಣೆಯಾಯಿತು. ಮೂರೇ ದಿನಕ್ಕೆ ತೀರಿಕೊಂಡರು. ತಮ್ಮ ಸಿದ್ಧಾಂತ ಮುಂದೆ ರೀಲ್ಸ್ ನಡುವೆ ಕುರ್ತಿ ಮಾರಲು ಬಳಕೆಯಾಗುತ್ತದೆ ಎಂದು ಅವರು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ.

ಇನ್ನು ಅಂಗಡಿಗೇ ಹೋಗೋಣ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಒಂದು ಸೀರೆ ಅಂಗಡಿ ಇದೆ ಎಂದಿಟ್ಟುಕೊಳ್ಳಿ. ಕೈಮಗ್ಗದ ಸೀರೆ, ಗೋಮಿ ದಡಿ, ಕೆಂಪು ಸೆರಗಿನ ಮೇಲೆ ಬಿಳಿಯ ತೋಪು ತೆನೆ. ಊರಿನ ಗಿರಾಕಿಗಳಿಗೆ ಜಾಹೀರಾತು ಬೇಕಿಲ್ಲ. ಮಾಲೀಕರ ಕಣ್ಣಿರುವುದು ಬೆಂಗಳೂರಿನ ಮೇಲೆ, ಪುಣೆ–ಸೊಲ್ಲಾಪುರಗಳ ಮೇಲೆ. ಇಳಕಲ್ ಸೀರೆಗೆ ಮಹಾರಾಷ್ಟ್ರದಲ್ಲೂ ಹಳೆಯ ಗಿರಾಕಿಗಳಿದ್ದಾರೆ. ಅಂಗಡಿಯ ಹುಡುಗ ಸೆರಗಿನ ಫೋಟೊ ಹಾಕಿ, ಅದರ ಕೆಳಗೆ ಕಾಣಿಸಿದ ನೀಲಿ ಗುಂಡಿ ಒತ್ತಿ, ಐನೂರು ರೂಪಾಯಿಗೆ ಬೂಸ್ಟ್ ಮಾಡುತ್ತಾನೆ. ಮಾರನೆಯ ದಿನ ಓಡಿಬಂದು, ‘ಸಾವ್ಕಾರ್ರ, ಇನ್ನೂರು ಲೈಕ್ ಬಂದಾವ್ರಿ’ ಎನ್ನುತ್ತಾನೆ. ಸೀರೆ ಒಂದೂ ಹೋಗಿರುವುದಿಲ್ಲ.

ಯಂತ್ರ ಇಲ್ಲಿ ತಪ್ಪು ಮಾಡಿಲ್ಲ, ಕೇಳಿದ್ದನ್ನು ಕೊಟ್ಟಿದೆ. ಲೈಕ್, ಕಾಮೆಂಟುಗಳನ್ನು ಗುರಿಯಾಗಿ ಇಟ್ಟುಕೊಂಡು ಬೂಸ್ಟ್ ಮಾಡಿದರೆ ಅದು ಲೈಕ್ ಒತ್ತುವ ಅಭ್ಯಾಸವಿರುವವರನ್ನು ಹುಡುಕಿ ತರುತ್ತದೆ. ಕ್ಲಿಕ್ ಕೇಳಿದರೆ, ಕಂಡದ್ದನ್ನೆಲ್ಲ ಕ್ಲಿಕ್ ಮಾಡುವವರು ಬರುತ್ತಾರೆ. ಕೊಳ್ಳುವವರು ಬೇಕೆಂದರೆ ಕೊಳ್ಳುವವರನ್ನೇ ಕೇಳಬೇಕು, ಮತ್ತು ಅವರು ದುಬಾರಿ, ಏಕೆಂದರೆ ಆ ಕಣ್ಣುಗಳಿಗೇ ಉಳಿದ ವ್ಯಾಪಾರಿಗಳೂ ಬಿಡ್ ಹಾಕುತ್ತಿರುತ್ತಾರೆ. ಸಾಮಾಜಿಕ ಜಾಲತಾಣದ ಜಾಹೀರಾತಿನಲ್ಲಿ ಹಣ ಸೋರುವ ಅತಿ ದೊಡ್ಡ ತೂತು ಇದು. ಅಗ್ಗದ ಲೈಕಿಗೂ ದುಬಾರಿ ಗಿರಾಕಿಗೂ ಇರುವ ಅಂತರವನ್ನು ಬೂಸ್ಟ್ ಗುಂಡಿ ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ.

ಗುಂಡಿಯ ಬದಲು ಬಳಸಬೇಕಾದದ್ದು ಆಡ್ಸ್ ಮ್ಯಾನೇಜರ್ ಎಂಬ ಪ್ರತ್ಯೇಕ ಪುಟ. ನೋಡಿದ ತಕ್ಷಣ ವಿಮಾನದ ಕಾಕ್‌ಪಿಟ್ಟಿನಂತೆ ಕಂಡರೂ ಒಳಗಿರುವುದು ಮೂರೇ ಅಂತಸ್ತು. ಮೇಲಿನದು ಕ್ಯಾಂಪೇನ್: ಏನು ಬೇಕು ಎಂದು ಹೇಳುವ ಜಾಗ. ಹೆಸರು ತಿಳಿಸುವುದು, ವೆಬ್‌ಸೈಟಿಗೆ ಜನ ಕಳಿಸುವುದು, ಪ್ರತಿಕ್ರಿಯೆ, ಲೀಡ್, ಆ್ಯಪ್ ಪ್ರಚಾರ, ಮಾರಾಟ ಎಂಬ ಆರು ಗುರಿಗಳಲ್ಲಿ ಒಂದನ್ನು ಆರಿಸಬೇಕು. ನಡುವಿನದು ಆಡ್ ಸೆಟ್. ಯಾರಿಗೆ, ಯಾವ ಊರಿನಲ್ಲಿ, ಎಷ್ಟು ದಿನ, ಎಷ್ಟು ಹಣ ಎಂಬುದು ಸಾಮಾನ್ಯವಾಗಿ ಅಲ್ಲಿ. ಕೆಳಗಿನದು ಆಡ್, ಅಂದರೆ ಜನ ನೋಡುವ ಚಿತ್ರ ಮತ್ತು ಮಾತು.

ಇದಕ್ಕೆ ಮೊದಲು ಮನೆ ಕಟ್ಟಿಕೊಂಡಿರಬೇಕು. ಫೇಸ್‌ಬುಕ್ ಪೇಜ್, ಅದಕ್ಕೆ ಜೋಡಿಸಿದ ಇನ್‌ಸ್ಟಾಗ್ರಾಂನ ವೃತ್ತಿಪರ ಖಾತೆ, ವಾಟ್ಸ್ಆ್ಯಪ್ ಬಿಸಿನೆಸ್ ನಂಬರ್, ಇವೆಲ್ಲಕ್ಕೂ ಒಂದೇ ಬಿಸಿನೆಸ್ ಖಾತೆ. ಆಡ್ ಅಕೌಂಟ್ ತೆರೆಯುವಾಗ ಕೇಳುವ ಕರೆನ್ಸಿ ಮತ್ತು ಟೈಮ್‌ಜೋನ್ ಎರಡನ್ನೂ ಅವಸರದಲ್ಲಿ ಒತ್ತಬಾರದು. ಆಮೇಲೆ ಅವನ್ನು ಬದಲಿಸಲು ಹೊರಟರೆ ಹೊಸ ಅಕೌಂಟನ್ನೇ ತೆರೆಯಬೇಕಾಗುತ್ತದೆ.

ಪಾವತಿಗೆ ಕಾರ್ಡ್, ಯುಪಿಐ, ನೆಟ್‌ಬ್ಯಾಂಕಿಂಗ್ ಇವೆ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕು ಖಾತೆಯಿಂದ ತಾನಾಗಿ ಹಣ ಕಡಿತವಾಗುವುದಕ್ಕೆ ಬಿಗಿ ನಿಯಮ ತಂದಾಗ ಎಷ್ಟೋ ಜಾಹೀರಾತುಗಳು ಹಣ ಸಂದಾಯವಾಗದೆ ಅರ್ಧಕ್ಕೇ ನಿಂತವು. ಮೊದಲೇ ಹಣ ತುಂಬಿಸಿ, ಅಷ್ಟು ಮುಗಿದರೆ ನಿಲ್ಲುವ ಪ್ರೀಪೇಯ್ಡ್ ಕ್ರಮವೇ ಸಣ್ಣವರಿಗೆ ನೆಮ್ಮದಿ. ಕೊನೆಯ ದಿನಾಂಕ ನಮೂದಿಸದೆ ಬಿಟ್ಟ ಜಾಹೀರಾತು, ಕಾರ್ಡ್ ಕೊಟ್ಟವರು ಮರೆತರೂ ತಾನು ಮರೆಯದೆ ಓಡುತ್ತಿರುತ್ತದೆ.

ಐಫೋನ್ ಬಳಸುವವರಿಗೆ ಒಂದು ಮಾತು. 2024ರ ಫೆಬ್ರವರಿಯಲ್ಲಿ ಮೆಟಾ, ಐಫೋನಿನ ಆ್ಯಪ್ ಒಳಗಿಂದ ಬೂಸ್ಟ್ ಮಾಡುವವರು ಆ್ಯಪಲ್ ಕಂಪನಿಯ ಶೇ 30ರ ಶುಲ್ಕವನ್ನೂ ಹೊರಬೇಕಾಗುತ್ತದೆ ಎಂದು ಪ್ರಕಟಿಸಿತು. ಮೊದಲು ಅಮೆರಿಕ, ಆಮೇಲೆ ಉಳಿದ ದೇಶಗಳು ಎಂದು ಆಗಲೇ ಹೇಳಿತ್ತು. ಅದೇ ಕೆಲಸವನ್ನು ಬ್ರೌಸರಿನಲ್ಲಿ ಮಾಡಿದರೆ ಆ ಶುಲ್ಕವಿಲ್ಲ ಎಂದೂ ಅದೇ ಪ್ರಕಟಣೆಯಲ್ಲಿ ತಿಳಿಸಿತ್ತು. ಕಂಪ್ಯೂಟರ್ ಮುಂದೆ ಕೂತು ಆಡ್ಸ್ ಮ್ಯಾನೇಜರ್ ತೆರೆಯಲು ಇದೂ ಒಂದು ಕಾರಣ.

ತೆರಿಗೆಯನ್ನು ಲೆಕ್ಕಕ್ಕೆ ಹಿಡಿಯದವರೇ ಹೆಚ್ಚು. ಜಾಹೀರಾತಿನ ಮೊತ್ತದ ಮೇಲೆ ಶೇ 18 ಜಿಎಸ್‌ಟಿ ಬೀಳುತ್ತದೆ. ಜಿಎಸ್‌ಟಿ ಸಂಖ್ಯೆ ಇರುವ ಅಂಗಡಿಯವರು ಅದನ್ನು ಅಕೌಂಟಿನಲ್ಲಿ ನಮೂದಿಸಿದ್ದರೆ ಆ ತೆರಿಗೆಯನ್ನು ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಆಗಿ ಮರಳಿ ಪಡೆಯಬಹುದು. ಕಾಂಪೊಸಿಷನ್ ಸ್ಕೀಮಿನಲ್ಲಿರುವವರಿಗೆ, ನೋಂದಣಿಯೇ ಇಲ್ಲದವರಿಗೆ ಆ ಭಾಗ್ಯವಿಲ್ಲ, ಅವರ ಮಟ್ಟಿಗೆ ಸಾವಿರ ರೂಪಾಯಿ ಜಾಹೀರಾತು ಎಂದರೆ 1,180. ಗೂಗಲ್ ತೆರಿಗೆ ಎಂದೇ ಹೆಸರಾಗಿದ್ದ ಶೇ 6ರ ಇನ್ನೊಂದು ಲೆವಿ 2016ರಿಂದ ಇತ್ತು. ವಿದೇಶಿ ಕಂಪನಿಗಳ ಆನ್‌ಲೈನ್ ಜಾಹೀರಾತಿನ ಮೇಲಿದ್ದ ಅದನ್ನು 2025ರ ಏಪ್ರಿಲ್ 1ರಿಂದ ಕೇಂದ್ರ ಸರ್ಕಾರ ಕೈಬಿಟ್ಟಿದೆ.

ಈಗ ಇಳಕಲ್ಲಿನ ಅಂಗಡಿಯ ಲೆಕ್ಕ ಹಾಕಿ ನೋಡಬಹುದು. ದಿನಕ್ಕೆ 300ರಂತೆ ಹತ್ತು ದಿನ ಎಂದರೆ 3,000 ರೂಪಾಯಿ, ತೆರಿಗೆ ಸೇರಿ 3,540. ಸಾವಿರ ಸಲ ಕಾಣಿಸಲು ನೂರು ರೂಪಾಯಿ ಬಿತ್ತು ಎಂದುಕೊಂಡರೆ (ಇದು ಲೆಕ್ಕಕ್ಕೆ ಹಿಡಿದ ಅಂಕಿ, ಊರು, ಋತು, ವಸ್ತುವಿನ ಮೇಲೆ ಇದು ಏರಿಳಿಯುತ್ತದೆ) ಜಾಹೀರಾತು 30,000 ಸಲ ಕಾಣಿಸಿತು. ಅಂದರೆ ಮೂವತ್ತು ಸಾವಿರ ಜನ ನೋಡಿದರು ಎಂದಲ್ಲ. ಒಬ್ಬೊಬ್ಬರಿಗೆ ಎರಡೆರಡು ಸಲ ಬಿದ್ದಿದ್ದರೆ ನೋಡಿದವರು ಹದಿನೈದು ಸಾವಿರ. ವರದಿಯಲ್ಲಿ ಮೊದಲನೆಯದಕ್ಕೆ ಇಂಪ್ರೆಷನ್ ಎಂದೂ ಎರಡನೆಯದಕ್ಕೆ ರೀಚ್ ಎಂದೂ ಹೆಸರು. ಜಂಬ ಕೊಚ್ಚಿಕೊಳ್ಳುವವರು ಮೊದಲನೆಯದನ್ನು ತೋರಿಸುತ್ತಾರೆ.

ನೂರು ನೋಟಕ್ಕೆ ಒಂದು ಕ್ಲಿಕ್ ಎಂದರೆ 300 ಕ್ಲಿಕ್. ಅವರಲ್ಲಿ 60 ಜನ ವಾಟ್ಸ್ಆ್ಯಪ್‌ನಲ್ಲಿ ‘ರೇಟ್ ಎಷ್ಟು?’ ಎಂದು ಕೇಳಿದರು, ಆರು ಜನ ಕೊಂಡರು. ಒಂದು ಸೀರೆಗೆ ಬಿದ್ದ ಜಾಹೀರಾತು ಖರ್ಚು 590 ರೂಪಾಯಿ. ಸೀರೆಯ ಮೇಲೆ ಉಳಿಯುವ ಲಾಭ 500 ಆಗಿದ್ದರೆ ಮಾರಿದಷ್ಟೂ ನಷ್ಟ. ಅಪ್ಪಟ ರೇಷ್ಮೆಯ ಸೀರೆಯಲ್ಲಿ 1,500 ಉಳಿಯುತ್ತದೆ ಎಂದಾದರೆ ಇದೇ ಜಾಹೀರಾತು ಬಂಗಾರ. ಹೀಗಾಗಿ ಆನ್‌ಲೈನ್ ಜಾಹೀರಾತು ದುಬಾರಿಯೋ ಅಗ್ಗವೋ ಎಂಬ ಪ್ರಶ್ನೆಗೆ ಉತ್ತರ ಫೇಸ್‌ಬುಕ್ಕಿನಲ್ಲಿಲ್ಲ, ಅಂಗಡಿಯ ಖಾತೆ ಪುಸ್ತಕದಲ್ಲಿದೆ. ಕ್ಯಾಶ್ ಆನ್ ಡೆಲಿವರಿ ಇಟ್ಟವರು ಇನ್ನೊಂದು ಸಾಲು ಸೇರಿಸಿಕೊಳ್ಳಬೇಕು. ಬಾಗಿಲವರೆಗೆ ಹೋಗಿ ‘ಬೇಡ’ ಎನ್ನಿಸಿಕೊಂಡು ವಾಪಸ್ ಬರುವ ಪಾರ್ಸೆಲ್‌ಗಳಿಗೆ ಹೋಗುವ, ಬರುವ ಎರಡೂ ಕೊರಿಯರ್ ಖರ್ಚು ವ್ಯಾಪಾರಿಯದೇ. ಆಡ್ಸ್ ಮ್ಯಾನೇಜರಿನಲ್ಲಿ ಅದು ಗೆದ್ದ ಮಾರಾಟವಾಗಿಯೇ ಕಾಣುತ್ತಿರುತ್ತದೆ.

ಯಾವ ಗುರಿ ಆರಿಸಬೇಕು ಎಂಬಲ್ಲಿ ಸಣ್ಣವರಿಗೆ ಒಂದು ಇಕ್ಕಟ್ಟಿದೆ. ಹೊಸ ಜಾಹೀರಾತು ಓಡಲು ಶುರುವಾದಾಗ ಯಂತ್ರ ಕಲಿಯುತ್ತಿರುತ್ತದೆ. ಯಾರು ಸ್ಪಂದಿಸುತ್ತಾರೆ, ಯಾವ ಹೊತ್ತಿನಲ್ಲಿ, ಯಾವ ಜಾಗದಲ್ಲಿ ಎಂದು. ಈ ಕಲಿಕೆ ಮುಗಿಯಲು ವಾರಕ್ಕೆ ಸುಮಾರು 50 ಫಲಿತಾಂಶ ಬೇಕು ಎನ್ನುತ್ತದೆ ಮೆಟಾ. ಮಾರಾಟವನ್ನೇ ಗುರಿಯಾಗಿ ಇಟ್ಟು, ಒಂದು ಮಾರಾಟಕ್ಕೆ 500 ರೂಪಾಯಿ ಬೀಳುತ್ತದೆ ಎಂದರೆ ವಾರಕ್ಕೆ 25,000 ಬೇಕಾಯಿತು. ದಿನಕ್ಕೆ ಮುನ್ನೂರು ಹಾಕುವವರ ಯಂತ್ರ ಒಂದನೆಯ ತರಗತಿ ದಾಟುವುದೇ ಇಲ್ಲ. ಅಂಥವರು ಒಂದು ಮೆಟ್ಟಿಲು ಕೆಳಗಿಳಿದು, ವಾಟ್ಸ್ಆ್ಯಪ್ ಸಂದೇಶವನ್ನು ಗುರಿ ಮಾಡಿಕೊಳ್ಳುವುದು ಜಾಣತನ. ಸಂದೇಶ ಮಾರಾಟಕ್ಕಿಂತ ಅಗ್ಗ, ಐವತ್ತು ಬೇಗ ಮುಟ್ಟುತ್ತದೆ, ಮಾತುಕತೆಯಲ್ಲಿ ವ್ಯಾಪಾರ ಕುದುರಿಸುವುದು ಅಂಗಡಿಯವರಿಗೆ ಹೇಗೂ ಗೊತ್ತಿರುತ್ತದೆ.

ಇದೇ ಕಾರಣಕ್ಕೆ, ಇರುವ ಮುನ್ನೂರನ್ನು ಐದು ಆಡ್ ಸೆಟ್‌ಗಳಿಗೆ ಅರವತ್ತು ಅರವತ್ತಾಗಿ ಹಂಚುವುದು, ಸಂಜೆಗೊಮ್ಮೆ ಬಜೆಟ್ ಏರಿಸಿ ಬೆಳಿಗ್ಗೆ ಇಳಿಸುವುದು, ದಿನಕ್ಕೊಂದು ಫೋಟೊ ಬದಲಿಸುವುದು ದಂಡ. ದೊಡ್ಡ ಬದಲಾವಣೆ ಮಾಡಿದಾಗಲೆಲ್ಲ ಕಲಿಕೆ ಮತ್ತೆ ಮೊದಲಿನಿಂದ. ಒಂದು ದಿನ 300ರ ಬದಲು ಹೆಚ್ಚು ಖರ್ಚಾದದ್ದನ್ನು ಕಂಡು ಗಾಬರಿಯಾಗುವವರೂ ಇದ್ದಾರೆ. ಒಳ್ಳೆಯ ಅವಕಾಶ ಕಂಡ ದಿನ ಯಂತ್ರ ತುಸು ಕೈ ಬಿಚ್ಚುತ್ತದೆ, ವಾರದ ಒಟ್ಟು ಮಾತ್ರ ದಿನದ ಬಜೆಟ್ಟಿನ ಏಳು ಪಟ್ಟನ್ನು ಮೀರುವುದಿಲ್ಲ.

ಯಾರಿಗೆ ತೋರಿಸಬೇಕು ಎಂಬುದರಲ್ಲಿ ಕನ್ನಡದ ವ್ಯಾಪಾರಿಗಳು ಪದೇಪದೇ ಎಡವುವ ಒಂದು ಜಾಗವಿದೆ. ಆಡ್ ಸೆಟ್ಟಿನಲ್ಲಿ ಭಾಷೆ ಕೇಳುವ ಪೆಟ್ಟಿಗೆ ಕಾಣುತ್ತದೆ. ಕನ್ನಡ ಜಾಹೀರಾತಲ್ಲವೇ ಎಂದು ಅಲ್ಲಿ ಕನ್ನಡ ಎಂದು ತುಂಬಿಸಿಬಿಡುತ್ತಾರೆ. ಆ ಪೆಟ್ಟಿಗೆ ಹೆಚ್ಚಾಗಿ ನೋಡುವುದು ಬಳಕೆದಾರರು ತಮ್ಮ ಆ್ಯಪ್ಪನ್ನು ಯಾವ ಭಾಷೆಯಲ್ಲಿ ಇಟ್ಟುಕೊಂಡಿದ್ದಾರೆ ಎಂಬುದನ್ನು. ಮನೆಯಲ್ಲಿ ಅಚ್ಚ ಕನ್ನಡ ಮಾತಾಡುವ ಎಷ್ಟೋ ಮಂದಿಯ ಫೋನು ಇಂಗ್ಲಿಷಿನಲ್ಲೇ ಇರುತ್ತದೆ, ಅವರೆಲ್ಲ ಒಂದೇ ಏಟಿಗೆ ಪಟ್ಟಿಯಿಂದ ಹೊರಬಿದ್ದರು. ಕರ್ನಾಟಕದೊಳಗಿನ ಜಾಹೀರಾತಿಗೆ ಆ ಪೆಟ್ಟಿಗೆಯನ್ನು ಖಾಲಿ ಬಿಟ್ಟು, ಮಾತನ್ನು ಕನ್ನಡದಲ್ಲಿ ಬರೆದರೆ ಸಾಕು. ಓದಬಲ್ಲವರು ನಿಲ್ಲುತ್ತಾರೆ, ಯಂತ್ರ ಅದನ್ನು ಗಮನಿಸಿ ಅಂಥವರನ್ನೇ ಹುಡುಕುತ್ತದೆ. ಪುಣೆಯಲ್ಲೋ ದುಬೈಯಲ್ಲೋ ಕನ್ನಡಿಗರನ್ನು ಅರಸುವಾಗ ಮಾತ್ರ ಆ ಪೆಟ್ಟಿಗೆಗೆ ಬೆಲೆ ಇದೆ, ಅದೂ ಪೂರ್ತಿಯಲ್ಲ.

ಜಾಗದ ಆಯ್ಕೆಗೂ ಒಂದು ಸಣ್ಣ ಕೊಕ್ಕೆ ಇದೆ. ಹಂಪಿಯ ಸುತ್ತಲಿನವರಿಗೆ ಎಂದು ಹೇಳಿದರೆ ಅಲ್ಲಿ ವಾಸವಿರುವವರ ಜೊತೆಗೆ ಇತ್ತೀಚೆಗೆ ಅಲ್ಲಿಗೆ ಬಂದುಹೋದವರೂ ಸೇರುತ್ತಾರೆ. ಹೋಂಸ್ಟೇಯವರಿಗೆ ಇದು ಲಾಭ, ಹೊಸಪೇಟೆಯ ಟ್ಯೂಷನ್ ಕ್ಲಾಸಿಗೆ ಶುದ್ಧ ನಷ್ಟ.

ಊರು ಹಿಡಿದು ಜಾಹೀರಾತು ಹೇಳುವ ಶಕ್ತಿ ಎಂಥದ್ದು ಎಂಬುದಕ್ಕೆ ಭಾರತದಲ್ಲೇ ಒಂದು ಪ್ರಸಿದ್ಧ ಉದಾಹರಣೆ ಇದೆ. 2021ರ ದೀಪಾವಳಿಗೆ ಕ್ಯಾಡ್ಬರಿ ಕಂಪನಿ ಶಾರುಖ್ ಖಾನ್ ಅವರ ಒಂದು ಜಾಹೀರಾತು ಮಾಡಿತು. ಕೋವಿಡ್‌ನಿಂದ ಕಂಗೆಟ್ಟ ಸಣ್ಣ ಅಂಗಡಿಗಳಲ್ಲಿ ಹಬ್ಬದ ಖರೀದಿ ಮಾಡಿ ಎಂದು ಅವರು ಹೇಳುತ್ತಿದ್ದರು. ವಿಶೇಷವೆಂದರೆ, ನೋಡುವವರ ಪಿನ್‌ಕೋಡಿಗೆ ತಕ್ಕಂತೆ ಅವರ ಬಾಯಲ್ಲಿ ಬರುವ ಅಂಗಡಿಯ ಹೆಸರು ಬದಲಾಗುತ್ತಿತ್ತು. ಅಂಗಡಿಯವರು ತಾವೇ ಒಂದು ವೆಬ್‌ಸೈಟಿಗೆ ಹೋಗಿ ತಮ್ಮ ಹೆಸರು ಸೇರಿಸಿ, ಖಾನ್ ಸಾಹೇಬರ ಬಾಯಲ್ಲಿ ಅದನ್ನು ಹೇಳಿಸಿ, ವಾಟ್ಸ್ಆ್ಯಪ್‌ನಲ್ಲಿ ಹಂಚಬಹುದಿತ್ತು. ಆ ತುಟಿ ಚಲನೆ, ಆ ದನಿಯನ್ನು ಕೃತಕ ಬುದ್ಧಿಮತ್ತೆಯಿಂದ ಹೊಂದಿಸುವ ಕೆಲಸದಲ್ಲಿದ್ದದ್ದು ಬೆಂಗಳೂರಿನ ರೀಫ್ರೇಸ್ ಎಂಬ ಸ್ಟಾರ್ಟಪ್. 2022ರಲ್ಲಿ ಕಾನ್ ಜಾಹೀರಾತು ಉತ್ಸವದ ಟೈಟೇನಿಯಂ ಪ್ರಶಸ್ತಿ ಈ ಪ್ರಚಾರಕ್ಕೆ ಬಂತು, ಮರುವರ್ಷ ಅಡೋಬಿ ಕಂಪನಿ ರೀಫ್ರೇಸ್ ಅನ್ನು ಕೊಂಡುಕೊಂಡಿತು.

ಅದೇ ತಂತ್ರದ ಕರಾಳ ಮುಖ ಬೆಂಗಳೂರಿಗೆ ಬೇಗನೇ ಕಂಡಿತು. ಇನ್ಫೊಸಿಸ್ ಸ್ಥಾಪಕ ಎನ್.ಆರ್. ನಾರಾಯಣಮೂರ್ತಿ ಅವರು ಯಾವುದೋ ತಾನಾಗಿ ವಹಿವಾಟು ಮಾಡುವ ಟ್ರೇಡಿಂಗ್ ಆ್ಯಪ್ ಬಳಸಿ ಎಂದು ಹೇಳುವಂಥ ನಕಲಿ ವಿಡಿಯೊಗಳು ಹರಿದಾಡತೊಡಗಿದವು. 2023ರ ಡಿಸೆಂಬರ್‌ನಲ್ಲಿ ಅವರೇ ಮುಂದೆ ಬಂದು, ಇದನ್ನು ನಂಬಬೇಡಿ ಎಂದು ಎಚ್ಚರಿಸಬೇಕಾಯಿತು. ಅಂಥ ವಿಡಿಯೊ ನಂಬಿ ಹಣ ಕಳೆದುಕೊಂಡ ಪ್ರಕರಣಗಳು ಆಮೇಲೂ ನಗರದ ಪೊಲೀಸರ ಬಳಿ ಬಂದವು.

ಮೋಸಗಾರರೂ ಇದೇ ಹರಾಜಿನಲ್ಲಿ ಬಿಡ್ ಹಾಕುತ್ತಾರೆ, ಅವರ ಹಣವೂ ಹಣವೇ. 2025ರ ನವೆಂಬರ್‌ನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಮೆಟಾದ ಒಳಗಿನ ದಾಖಲೆಗಳನ್ನು ಆಧರಿಸಿ ಒಂದು ವರದಿ ಪ್ರಕಟಿಸಿತು. 2024ರ ಆದಾಯದಲ್ಲಿ ಸುಮಾರು ಶೇ 10ರಷ್ಟು ವಂಚಕ ಜಾಹೀರಾತು ಮತ್ತು ನಿಷೇಧಿತ ಸರಕುಗಳ ಜಾಹೀರಾತಿನಿಂದ ಬರಬಹುದು ಎಂದು ಕಂಪನಿಯೇ ಒಳಗೊಳಗೆ ಅಂದಾಜಿಸಿತ್ತು ಎನ್ನುತ್ತದೆ ಆ ವರದಿ. ಜಾಹೀರಾತುದಾರ ಮೋಸಗಾರ ಎಂದು ಶೇ 95ರಷ್ಟು ಖಚಿತವಾದರೆ ಮಾತ್ರ ಹೊರಗಟ್ಟುವುದು, ಅದಕ್ಕಿಂತ ಕಡಿಮೆ ಅನುಮಾನವಿದ್ದರೆ ದಂಡದ ರೂಪದಲ್ಲಿ ಹೆಚ್ಚು ದರ ವಸೂಲು ಮಾಡುವುದು ಕ್ರಮವಾಗಿತ್ತಂತೆ. ಆ ಅಂದಾಜು ಒರಟಾದದ್ದು, ಬೇಡದ್ದನ್ನೆಲ್ಲ ಸೇರಿಸಿಕೊಂಡಿದ್ದು, ದಾಖಲೆಗಳು ಒಂದು ಮಗ್ಗುಲನ್ನಷ್ಟೇ ತೋರಿಸುತ್ತವೆ ಎಂಬುದು ಮೆಟಾದ ಸಮಜಾಯಿಷಿ. ಪ್ರಾಮಾಣಿಕ ಅಂಗಡಿಯವರಿಗೆ ಇದರಲ್ಲಿ ಎರಡು ಹೊರೆ. ಒಂದು, ಸುಳ್ಳು ಹೇಳಿ ದುಡಿಯುವವರ ಜೊತೆ ಬೆಲೆಯಲ್ಲಿ ಪೈಪೋಟಿ. ಇನ್ನೊಂದು, ಆನ್‌ಲೈನ್ ಜಾಹೀರಾತು ಎಂದರೇ ಮೂಗುಮುರಿಯುವ ಗಿರಾಕಿ.

ಹಬ್ಬದ ದಿನಗಳ ಪೈಪೋಟಿಯಂತೂ ಬೇರೆಯೇ. 2014ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಫ್ಲಿಪ್‌ಕಾರ್ಟ್ ಬಿಗ್ ಬಿಲಿಯನ್ ಡೇ ಶುರು ಮಾಡಿದಂದಿನಿಂದ ದಸರಾ–ದೀಪಾವಳಿ ಎಂದರೆ ದೊಡ್ಡ ಕಂಪನಿಗಳು ಹರಾಜಿಗೆ ಮೂಟೆಗಟ್ಟಲೆ ಹಣ ತರುವ ಕಾಲ. ಅದೇ ಕಣ್ಣಿಗೆ ಇಳಕಲ್ಲಿನ ಅಂಗಡಿಯೂ ಬಿಡ್ ಹಾಕಿದರೆ ದರ ಏರದೆ ಇದ್ದೀತೇ? ಹೊಸ ಗಿರಾಕಿಗಳನ್ನು ಶ್ರಾವಣದಲ್ಲೇ ಹುಡುಕಿಟ್ಟುಕೊಂಡು, ಹಬ್ಬದ ಹೊತ್ತಿಗೆ ಅವರ ವಾಟ್ಸ್ಆ್ಯಪ್‌ಗೆ ನೇರವಾಗಿ ಹೊಸ ಸೀರೆಯ ಫೋಟೊ ಕಳಿಸುವವರು ಆ ತಿಂಗಳ ಹರಾಜಿನಿಂದ ತಪ್ಪಿಸಿಕೊಳ್ಳುತ್ತಾರೆ.

ಮೆಟಾ ಒಂದೇ ದಾರಿಯಲ್ಲ. ಯೂಟ್ಯೂಬಿನಲ್ಲಿ ಜಾಹೀರಾತು ಹಾಕಲು ಗೂಗಲ್ ಆಡ್ಸ್ ಖಾತೆ ಬೇಕು. ಅಲ್ಲಿ ಸ್ಕಿಪ್ ಮಾಡಬಹುದಾದ ವಿಡಿಯೊಗೆ ನೋಟದ ಲೆಕ್ಕದಲ್ಲಿ ಹಣ ಕೊಡುವುದಾದರೆ, ನೋಡುಗ 30 ಸೆಕೆಂಡು ನೋಡಿದರೆ, ಅದಕ್ಕಿಂತ ಚಿಕ್ಕದಾಗಿದ್ದರೆ ಪೂರ್ತಿ ನೋಡಿದರೆ, ಇಲ್ಲವೇ ಅದರ ಮೇಲೆ ಒತ್ತಿದರೆ ಮಾತ್ರ ಬಿಲ್. ಐದು ಸೆಕೆಂಡಿಗೆ ಸ್ಕಿಪ್ ಮಾಡಿದವರು ಆ ಐದು ಸೆಕೆಂಡು ಪುಕ್ಕಟೆ ನೋಡಿದಂತಾಯಿತು, ಆದ್ದರಿಂದ ಅಂಗಡಿಯ ಹೆಸರು ಮೊದಲ ಐದರಲ್ಲೇ ಬರಲಿ. ಲಿಂಕ್ಡ್‌ಇನ್ ಕಂಪನಿಗಳಿಗೆ ಮಾರುವವರ ಜಾಗ, ದರ ಸಣ್ಣವರಿಗೆ ನಿಲುಕುವುದಲ್ಲ. ಭಾರತೀಯ ಭಾಷೆಗಳಿಗೆಂದೇ ಹುಟ್ಟಿದ ಬೆಂಗಳೂರಿನ ಶೇರ್‌ಚಾಟ್ ಕನ್ನಡದಲ್ಲೂ ಇದೆ, ಜಾಹೀರಾತೂ ತೆಗೆದುಕೊಳ್ಳುತ್ತದೆ.

ಎಲ್ಲೇ ಹಾಕಿದರೂ ಅಳತೆಗೋಲು ಮಾರುವವರ ಕೈಯಲ್ಲೇ ಇದೆ ಎಂಬುದನ್ನು ಮರೆಯುವಂತಿಲ್ಲ. ಜನ ವಿಡಿಯೊ ನೋಡುವ ಸರಾಸರಿ ಸಮಯವನ್ನು ಎರಡು ವರ್ಷ ಕಾಲ ಹೆಚ್ಚಿಗೆ ತೋರಿಸಿದ್ದಾಗಿ ಫೇಸ್‌ಬುಕ್ 2016ರಲ್ಲಿ ಒಪ್ಪಿಕೊಂಡಿತು. ಮೂರು ಸೆಕೆಂಡಿಗಿಂತ ಕಡಿಮೆ ನೋಡಿದವರನ್ನು ಸರಾಸರಿಯಿಂದ ಬಿಟ್ಟದ್ದೇ ಕಾರಣ. ಮೊಕದ್ದಮೆ ಹೂಡಿದ ಜಾಹೀರಾತುದಾರರ ಜೊತೆ 2019ರಲ್ಲಿ 4 ಕೋಟಿ ಡಾಲರಿಗೆ ರಾಜಿಯಾಯಿತು. ಸಾಬೂನಿನ ದೈತ್ಯ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ 2017ರ ಒಂದೇ ತ್ರೈಮಾಸಿಕದಲ್ಲಿ ಡಿಜಿಟಲ್ ಜಾಹೀರಾತಿನಿಂದ 10 ಕೋಟಿ ಡಾಲರಿಗೂ ಹೆಚ್ಚು ಕಡಿದುಹಾಕಿ, ವ್ಯಾಪಾರಕ್ಕೇನೂ ಪೆಟ್ಟು ಬೀಳಲಿಲ್ಲ ಎಂದಿತು. ಈ ಪರೀಕ್ಷೆಯನ್ನು ಇಳಕಲ್ಲಿನ ಅಂಗಡಿಯೂ ಮಾಡಬಹುದು. ಎರಡು ವಾರ ಜಾಹೀರಾತು ಓಡಿಸಿ, ಎರಡು ವಾರ ನಿಲ್ಲಿಸಿ, ಗಲ್ಲಾಪೆಟ್ಟಿಗೆ ನೋಡುವುದು. ಯಾವ ಡ್ಯಾಶ್‌ಬೋರ್ಡಿಗಿಂತಲೂ ಅದು ಹೆಚ್ಚು ನಿಜ ಹೇಳುತ್ತದೆ.

ಪುಕ್ಕಟೆ ಸಿಗುವ ಇನ್ನೊಂದು ಸಲಕರಣೆಯ ಹೆಸರು ಆಡ್ ಲೈಬ್ರರಿ. ಮೆಟಾದಲ್ಲಿ ಈ ಕ್ಷಣ ಓಡುತ್ತಿರುವ ಯಾವ ಜಾಹೀರಾತನ್ನಾದರೂ ಯಾರು ಬೇಕಾದರೂ ಅಲ್ಲಿ ಹುಡುಕಿ ನೋಡಬಹುದು. ಪಕ್ಕದ ಅಂಗಡಿ ಏನು ಹೇಳುತ್ತಿದೆ, ಎಂದಿನಿಂದ ಹೇಳುತ್ತಿದೆ ಎಂಬುದು ಅಲ್ಲಿ ಬಟಾಬಯಲು. ಮೂರು ತಿಂಗಳಿಂದ ಒಂದೇ ಜಾಹೀರಾತು ಓಡುತ್ತಿದ್ದರೆ ಅದು ಹಣ ತರುತ್ತಿದೆ ಎಂದೇ ಊಹಿಸಬಹುದು. ರಾಜಕೀಯ ಜಾಹೀರಾತಾದರೆ ಯಾರ ಹಣ, ಸುಮಾರು ಎಷ್ಟು ಎಂಬುದೂ ಕಾಣುತ್ತದೆ, ಏಳು ವರ್ಷ ಅಲ್ಲೇ ಉಳಿಯುತ್ತದೆ. ಚುನಾವಣೆ ಬಂದಾಗ ಇದನ್ನು ತೆರೆದು ಕೂರುವುದು ಟಿವಿ ಚರ್ಚೆ ನೋಡುವುದಕ್ಕಿಂತ ಉಪಯುಕ್ತ.

ಇಷ್ಟೆಲ್ಲ ತಲೆನೋವು ಬೇಡವೆಂದು ‘ಡಿಜಿಟಲ್ ಮಾರ್ಕೆಟಿಂಗ್ ಹುಡುಗರಿಗೆ’ ಒಪ್ಪಿಸುವವರು ಎರಡು ವಿಷಯ ಕೇಳಬೇಕು. ಅವರ ಶುಲ್ಕ ಹೇಗೆ? ಜಾಹೀರಾತು ಖರ್ಚಿನ ಇಷ್ಟು ಪಾಲು ಎಂದರೆ, ಖರ್ಚು ಹೆಚ್ಚಿದಷ್ಟೂ ಅವರಿಗೆ ಲಾಭ. ತಿಂಗಳಿಗೆ ಇಷ್ಟು ಎಂಬುದು ಸಣ್ಣವರಿಗೆ ಹೆಚ್ಚು ಸುರಕ್ಷಿತ. ಎರಡನೆಯದು, ಅಕೌಂಟ್ ಯಾರ ಹೆಸರಿನಲ್ಲಿ? ಎಷ್ಟೋ ಕಡೆ ಪೇಜನ್ನೂ ಆಡ್ ಅಕೌಂಟನ್ನೂ ಏಜೆನ್ಸಿಯವರು ತಮ್ಮದೇ ಖಾತೆಯಲ್ಲಿ ತೆರೆದಿರುತ್ತಾರೆ. ಸಂಬಂಧ ಹಳಸಿದ ದಿನ ಮೂರು ವರ್ಷದ ಫಾಲೋವರುಗಳು, ಯಂತ್ರ ಕಲಿತ ಪಾಠ, ಹಳೆಯ ಲೆಕ್ಕ ಎಲ್ಲ ಅವರ ಪಾಲು. ಅಂಗಡಿಯವರು ತಾವೇ ಖಾತೆ ತೆರೆದು ಏಜೆನ್ಸಿಗೆ ಪಾರ್ಟ್‌ನರ್ ಆಗಿ ಪ್ರವೇಶ ಕೊಟ್ಟರೆ, ಬೇಡವೆಂದಾಗ ಒಂದು ಕ್ಲಿಕ್ಕಿಗೆ ತೆಗೆಯಬಹುದು. ಎರಡು ಹಂತದ ಲಾಗಿನ್ ಕಡ್ಡಾಯವಾಗಿ ಹಾಕಿಕೊಳ್ಳಬೇಕು. ‘ನಿಮ್ಮ ಪೇಜ್ 24 ಗಂಟೆಯಲ್ಲಿ ಬಂದ್ ಆಗುತ್ತದೆ, ಇಲ್ಲಿ ಒತ್ತಿ’ ಎಂದು ಮೆಟಾ ಹೆಸರಿನಲ್ಲಿ ಇನ್‌ಬಾಕ್ಸಿಗೆ ಬರುವ ಸಂದೇಶಗಳು ಕಳ್ಳರ ಬಲೆ. ಒತ್ತಿದರೆ ಪೇಜೂ ಹೋಯಿತು, ಅದಕ್ಕೆ ಜೋಡಿಸಿದ ಕಾರ್ಡಿನ ಹಣವೂ ಹೋಯಿತು.

ಈಗೀಗ ಈ ಕೆಲಸವೆಲ್ಲ ಯಂತ್ರದ ಕೈಗೇ ಜಾರುತ್ತಿದೆ. ಯಾರಿಗೆ, ಎಲ್ಲಿ, ಯಾವಾಗ ಎಂಬುದನ್ನು ಅಡ್ವಾಂಟೇಜ್ ಪ್ಲಸ್ ಹೆಸರಿನ ಸ್ವಯಂಚಾಲಿತ ವ್ಯವಸ್ಥೆ ನಿರ್ಧರಿಸುತ್ತದೆ. ಚಿತ್ರಕ್ಕೆ ಹೊಳಪು ಕೊಡುವುದು, ಹಿನ್ನೆಲೆ ಬದಲಿಸುವುದು, ಮಾತು ತಿದ್ದುವುದನ್ನೂ ಅದು ಮಾಡಬಲ್ಲದು, ಆ ಸ್ವಿಚ್ಚುಗಳಲ್ಲಿ ಹಲವು ಮೊದಲೇ ಆನ್ ಆಗಿರುತ್ತವೆ. ಸೀರೆಯವರು ಇಲ್ಲಿ ಹುಷಾರಾಗಿರಬೇಕು. ಯಂತ್ರಕ್ಕೆ ಗೋಮಿ ದಡಿಗೂ ಗಾಡಿ ದಡಿಗೂ ವ್ಯತ್ಯಾಸ ಗೊತ್ತಿಲ್ಲ. ಚಂದ ಮಾಡಲು ಹೋಗಿ ಬಣ್ಣವನ್ನೋ ತೋಪು ತೆನೆಯ ಸಾಲನ್ನೋ ತಿರುಚಿದರೆ, ಗಿರಾಕಿಗೆ ತಲುಪುವ ಸೀರೆ ಒಂದು, ಜಾಹೀರಾತಿನಲ್ಲಿ ಕಂಡದ್ದು ಇನ್ನೊಂದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಲು ಅವಕಾಶವಿದೆ. ಅದಕ್ಕೆ ಉತ್ತರ ಹೇಳಬೇಕಾದವರು ಜಾಹೀರಾತು ಕೊಟ್ಟ ಅಂಗಡಿಯವರು. ಆ ಸ್ವಿಚ್ಚುಗಳು ಮೂರನೆಯ ಅಂತಸ್ತಿನಲ್ಲಿ, ಫೋಟೊ ಸೇರಿಸುವ ಪೆಟ್ಟಿಗೆಯ ಆಸುಪಾಸಿನಲ್ಲೇ ಇರುತ್ತವೆ. ಪಬ್ಲಿಶ್ ಒತ್ತುವ ಮುನ್ನ ಒಂದೊಂದನ್ನಾಗಿ ತೆರೆದು ನೋಡಿ, ಚಿತ್ರ ಮುಟ್ಟುವಂಥದ್ದನ್ನೆಲ್ಲ ಆರಿಸಿಬಿಡಬಹುದು.